ಮಿಲ್ಲಿನ ಸರ್ವರ್‌ಗಳು, ಹಿಂದೆ ಹೋದ ಗಡಿಯಾರ: ಗಂಗಾವತಿಯ ಒಂದು ಪ್ರಕರಣ ಅಧ್ಯಯನ

ಗಂಗಾವತಿಯಲ್ಲಿ ಒಂದು ಚಿಕ್ಕ ಸಾಫ್ಟ್‌ವೇರ್ ತಂಡ ಇದೆ. ಅಕ್ಕಿ ಮಿಲ್ಲುಗಳ ಕಾಟಾಕ್ಕೆ, ಅಂದರೆ ಲಾರಿ ತೂಗುವ ವೇ ಬ್ರಿಡ್ಜ್‌ಗೆ, ಬೇಕಾದ ಸಾಫ್ಟ್‌ವೇರ್ ಹಾಕಿಕೊಡುವುದು ಅವರ ಕೆಲಸ. ತುಂಗಭದ್ರಾ ಕಾಲುವೆ ಹೋದ ಕಡೆ ಭತ್ತ, ಭತ್ತ ಇದ್ದ ಕಡೆ ಮಿಲ್ಲು. ಹಾಗಾಗಿ ಅವರ ಗಿರಾಕಿಗಳು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪದ ಸುತ್ತ ಹರಡಿದ್ದಾರೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆ ಸೇರಿ ಮೂವತ್ತರ ಆಸುಪಾಸು ಮಿಲ್ಲುಗಳು. ಅವರ ಸರ್ವರ್ ಕೆಲಸಕ್ಕೆ ನೆರವಾಗಲು ನನ್ನನ್ನು ಕರೆದಾಗ ಕಂಡದ್ದು, ಹಲವು ಸರ್ವರ್‌ಗಳ ಸೆಟ್ಟಿಂಗ್ ಒಂದೇ ಕಡೆಯಿಂದ ನೋಡಿಕೊಳ್ಳುವ ಅನ್ಸಿಬಲ್ ಅನ್ನುವ ಸಾಧನ ಹಿಡಿದು ನಾವು ಸೇರಿ ಮಾಡಿದ್ದು ಇಲ್ಲಿದೆ. ತಂಡದ ಹೆಸರು, ಮಿಲ್ಲುಗಳ ಹೆಸರು ಬರೆಯುವುದಿಲ್ಲ.

ವ್ಯವಸ್ಥೆ ಸರಳ. ಕಾಟಾದ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಮೂಲಕ ತೂಕ ಒಂದು ಮಿನಿ ಪಿಸಿಗೆ ಬರುತ್ತದೆ. ಅದರಲ್ಲಿ ಉಬುಂಟು ಲಿನಕ್ಸ್ ಇದೆ. ತೂಕದ ಚೀಟಿ ಅಲ್ಲೇ ಪ್ರಿಂಟ್ ಆಗುತ್ತದೆ, ಲೆಕ್ಕ ತಂಡದ ಕ್ಲೌಡ್ ಸರ್ವರ್‌ಗೆ ಹೋಗುತ್ತದೆ. ಮಿಲ್ಲಿನಲ್ಲಿರುವ ಈ ಮಿನಿ ಪಿಸಿಗೆ ಹುಡುಗರು ಸೈಟ್ ಸರ್ವರ್ ಅನ್ನುತ್ತಾರೆ.

ಸೈಟ್ ಸರ್ವರ್‌ಗೆ ಇಂಟರ್ನೆಟ್ ಬರುವುದು 4ಜಿ ಸಿಮ್‌ನಿಂದ. ಅಂಥ ಸಿಮ್‌ಗೆ ಸಾಮಾನ್ಯವಾಗಿ ಹೊರಗಿನಿಂದ ಯಾರೂ ನೇರವಾಗಿ ತಲುಪಲಾಗುವುದಿಲ್ಲ. ಅದಕ್ಕೆ ಪ್ರತಿ ಸೈಟ್ ಸರ್ವರ್ ತಾನಾಗಿ ಕ್ಲೌಡ್ ಸರ್ವರ್ ಕಡೆಗೆ ವೈರ್‌ಗಾರ್ಡ್ ಟನೆಲ್, ಅಂದರೆ ಇಂಟರ್ನೆಟ್ ಮೇಲೆಯೇ ಒಂದು ಖಾಸಗಿ ದಾರಿ, ತೆರೆದುಕೊಂಡು ಕೂತಿರುತ್ತದೆ. ಹುಡುಗರು ಆ ಟನೆಲ್ ಮೂಲಕ ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದಲೇ ಲಾಗಿನ್ ಆಗಿ, ಒಳಗೆ ಹೋಗುತ್ತಾರೆ. ಟನೆಲ್ ಇದ್ದರೆ ಮಾನ್ವಿಯೂ ಪಕ್ಕದ ಕೋಣೆ ಇದ್ದಂತೆ. ಟನೆಲ್ ಇಲ್ಲ ಅಂದರೆ ಬೈಕ್ ತೆಗೆಯಬೇಕು, ಇಲ್ಲವೇ ಬಸ್ ಹತ್ತಬೇಕು.

ಆದದ್ದೇನು

ಮುಂಗಾರು ಭತ್ತದ ಸುಗ್ಗಿ. ಮಿಲ್ಲುಗಳ ಮುಂದೆ ಟ್ರ್ಯಾಕ್ಟರ್ ಸಾಲು. ಒಂದು ರಾತ್ರಿ ಕರೆಂಟು ಹೋಯಿತು, ಯುಪಿಎಸ್ ಬ್ಯಾಟರಿ ಇಳಿದುಹೋಗುವವರೆಗೂ ಬರಲಿಲ್ಲ. ಬೆಳಿಗ್ಗೆ ಕಾರಟಗಿ ಕಡೆಯ ಒಂದು ಮಿಲ್ಲಿನ ಗುಮಾಸ್ತರು ಫೋನ್ ಮಾಡಿದರು. “ಸರ್, ಚೀಟಿ ಮ್ಯಾಲ ಹಳೇ ವರ್ಷ ಬರಾಕತ್ತೈತ್ರಿ. ದಲಾಲಿ ಅಂಗಡಿಯವ್ರು ಇದನ್ನ ತಗೊಳ್ಳಂಗಿಲ್ಲ ಅಂತಾರ್ರಿ.” ಅವರ ಹಿಂದೆಯೇ ಇನ್ನೂ ಕೆಲವು ಕಡೆಯಿಂದ ಅದೇ ದೂರು.

ಹಳೆಯ ವರ್ಷ ಯಾಕೆ ಬಂತು ಅನ್ನುವುದು ಬೇಗ ಗೊತ್ತಾಯಿತು. ಪಿಸಿಯ ಮದರ್‌ಬೋರ್ಡ್ ಮೇಲೆ ಸಿಆರ್2032 ಅನ್ನುವ ನಾಣ್ಯದಂಥ ಸೆಲ್ ಇರುತ್ತದೆ. ಕರೆಂಟು ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಹಳೆಯ ಪಿಸಿಗಳಲ್ಲಿ ಅದು ಸತ್ತಿತ್ತು. ಲಿನಕ್ಸ್ ಏಳುವಾಗ ಉಳಿದ ಪ್ರೋಗ್ರಾಂಗಳನ್ನು ಶುರು ಮಾಡಿಸುವ ಸಿಸ್ಟಮ್‌ಡಿ ಗಡಿಯಾರ ನೋಡುತ್ತದೆ. ತಾನು ತಯಾರಾದ ದಿನಕ್ಕಿಂತ ಹಿಂದಿನ ತಾರೀಖು ಕಂಡರೆ ಆ ದಿನಕ್ಕೆ ತಂದು ನಿಲ್ಲಿಸುತ್ತದೆ. ಆವೃತ್ತಿ ಬೇರೆ ಬೇರೆ ಇದ್ದುದರಿಂದ ಒಂದೊಂದು ಮಿಲ್ಲಿನ ಚೀಟಿಯಲ್ಲಿ ಒಂದೊಂದು ವರ್ಷ.

ತಲೆ ಕೆಡಿಸಿದ್ದು ಇನ್ನೊಂದು ವಿಷಯ. ಸೆಲ್ ಸತ್ತಿದ್ದ ಸರ್ವರ್‌ಗಳಲ್ಲಿ ಕೆಲವು ಇಂಟರ್ನೆಟ್ ಸಿಕ್ಕ ಸ್ವಲ್ಪ ಹೊತ್ತಿಗೇ ತಾವಾಗಿ ಸರಿಹೋದವು. ಉಳಿದವು ಸರಿಹೋಗಲೂ ಇಲ್ಲ, ಟನೆಲ್‌ಗೆ ಬರಲೂ ಇಲ್ಲ. ಅದೇ ಪಿಸಿ, ಅದೇ ಸಿಮ್, ಅದೇ ಕರೆಂಟು. ಮತ್ತೆ ಯಾಕೆ ಹೀಗೆ?

ಎರಡು ಬೀಗ, ಒಂದರ ಕೀಲಿ ಇನ್ನೊಂದರೊಳಗೆ

ಉತ್ತರ ವೈರ್‌ಗಾರ್ಡ್ ಕೆಲಸ ಮಾಡುವ ರೀತಿಯಲ್ಲಿದೆ. ಟನೆಲ್ ಶುರು ಮಾಡುವಾಗ ಸೈಟ್ ಸರ್ವರ್ ಕಳಿಸುವ ಮೊದಲ ಸಂದೇಶದಲ್ಲಿ ಆಗಿನ ಸಮಯವೂ ಇರುತ್ತದೆ. ಆ ಕಡೆಯ ಸರ್ವರ್ ಪ್ರತಿಯೊಬ್ಬರಿಂದ ಕೊನೆಯದಾಗಿ ಬಂದ ಸಮಯವನ್ನು ನೆನಪಿಟ್ಟುಕೊಳ್ಳುತ್ತದೆ. ಅದಕ್ಕಿಂತ ಹಿಂದಿನ ಸಮಯ ಹೊತ್ತ ಸಂದೇಶ ಬಂದರೆ ಎಸೆದುಬಿಡುತ್ತದೆ. ಇದು ದೋಷ ಅಲ್ಲ, ಬೇಕೆಂದೇ ಇಟ್ಟ ಕಾವಲು. ಹಳೆಯ ಸಂದೇಶವನ್ನು ಯಾರೋ ಹಿಡಿದಿಟ್ಟುಕೊಂಡು ಮತ್ತೆ ಕಳಿಸಿ ಮೋಸ ಮಾಡಬಾರದು ಅಂತ. ತಾನು ಒಪ್ಪದ ಸಂದೇಶಕ್ಕೆ ವೈರ್‌ಗಾರ್ಡ್ ಉತ್ತರವನ್ನೂ ಕೊಡುವುದಿಲ್ಲ. ಹಾಗಾಗಿ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋದ ಸೈಟ್ ಸರ್ವರ್ ಬಾಗಿಲು ಬಡಿಯುತ್ತಲೇ ಇತ್ತು, ಯಾರೂ ಓಗೊಡಲಿಲ್ಲ.

ಸರಿ, ಗಡಿಯಾರ ಸರಿಹೋದರೆ ಟನೆಲ್ ಬರಬೇಕು ಅಲ್ವಾ? ಗಡಿಯಾರ ಸರಿಮಾಡಲು ಕ್ರೋನಿ ಇತ್ತು. ಎನ್‌ಟಿಪಿ ಸರ್ವರ್‌ಗಳನ್ನು ಕೇಳಿ ಸಮಯ ಹೊಂದಿಸುವ ಪ್ರೋಗ್ರಾಂ ಅದು. ಆದರೆ ಸಿಕ್ಕಿಬಿದ್ದ ಸರ್ವರ್‌ಗಳಲ್ಲಿ ಕ್ರೋನಿ ಸಮಯ ಕೇಳುತ್ತಿದ್ದುದು ತಂಡದ ಕ್ಲೌಡ್ ಸರ್ವರ್‌ನ ಬಳಿ, ಅದೂ ಟನೆಲ್ ಒಳಗಿನ ವಿಳಾಸದಲ್ಲಿ. ಸಮಯ ಬೇಕಾದರೆ ಟನೆಲ್ ಬೇಕು. ಟನೆಲ್ ಬೇಕಾದರೆ ಸಮಯ ಸರಿಯಿರಬೇಕು. ತಾವಾಗಿ ಸರಿಹೋದವು ಇಂಟರ್ನೆಟ್‌ನ ಸಾರ್ವಜನಿಕ ಎನ್‌ಟಿಪಿ ಪೂಲ್ ಕೇಳುತ್ತಿದ್ದವು. ಅವಕ್ಕೆ ಟನೆಲ್ ಬೇಕಿರಲಿಲ್ಲ.

ಆ ಬೆಳಿಗ್ಗೆ ಕೈಗೆ ಸಿಕ್ಕ ಉಪಾಯ ಹೀಗಿತ್ತು. ಕ್ಲೌಡ್ ಸರ್ವರ್‌ನಲ್ಲಿ ಆ ಸೈಟ್‌ಗಳ ವೈರ್‌ಗಾರ್ಡ್ ಪಿಯರ್ ನಮೂದನ್ನು, ಅಂದರೆ ಆ ಸೈಟ್‌ಗಳನ್ನು ಗುರುತಿಸಿ ಒಳಗೆ ಬಿಡುವ ಸಾಲನ್ನು, ತೆಗೆದು ಮತ್ತೆ ಸೇರಿಸುವುದು. ಹಾಗೆ ಮಾಡಿದಾಗ ಕೊನೆಯ ಸಮಯದ ನೆನಪು ಅಳಿಯುತ್ತದೆ. ಸೈಟ್ ಸರ್ವರ್‌ಗಳು ಬಾಗಿಲು ಬಡಿಯುತ್ತಲೇ ಇದ್ದುದರಿಂದ ಟನೆಲ್ ಎದ್ದಿತು, ಹಿಂದೆಯೇ ಸಮಯವೂ ಸರಿಯಾಯಿತು. ಅಷ್ಟರಲ್ಲಿ ಇಬ್ಬರು ಹುಡುಗರು ಹತ್ತಿರದ ಮಿಲ್ಲಿಗೆ ಬೈಕಿನಲ್ಲಿ ಹೋಗಿ ಕೈಯಿಂದ ತಾರೀಖು ತಿದ್ದಿದ್ದರು.

ನನ್ನ ಪ್ರಕಾರ ಈ ಪ್ರಕರಣದ ತಿರುಳು ಸೆಲ್ಲೂ ಅಲ್ಲ, ವೈರ್‌ಗಾರ್ಡೂ ಅಲ್ಲ. ಒಂದೇ ಕೆಲಸಕ್ಕಿರುವ ಸರ್ವರ್‌ಗಳು ಒಂದರಂತೆ ಇನ್ನೊಂದು ಇರಲಿಲ್ಲ. ಮುಖ್ಯವಾಗಿ, ಹಾಗೆ ಒಂದೇ ಥರ ಇಲ್ಲ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಯಾವ ಸೈಟ್‌ನಲ್ಲಿ ಯಾವ ಸೆಟ್ಟಿಂಗ್ ಇದೆ ಅನ್ನುವುದು ಅದನ್ನು ಹಾಕಿದವರ ತಲೆಯಲ್ಲಿತ್ತು. ಟನೆಲ್ ಒಳಗಿನ ವಿಳಾಸ ಹಾಕಿದವರು ಒಳ್ಳೆಯ ಯೋಚನೆಯಿಂದಲೇ ಹಾಕಿದ್ದರು, ಎಲ್ಲಾ ಮಿಲ್ಲುಗಳ ಗಡಿಯಾರ ಒಂದೇ ಕಡೆಯಿಂದ ಬರಲಿ ಅಂತ. ಅದು ಮುಂದಿನ ಸೈಟ್‌ಗೆ ಕಾಪಿಯಾಯಿತು, ಅಲ್ಲಿಂದ ಅದರ ಮುಂದಿನದಕ್ಕೆ.

ಹಳೆಯ ಲೂಪ್ ಮತ್ತು ಅನ್ಸಿಬಲ್

ಕೈಯಿಂದ ಮಾಡುವ ಬದಲು ಒಟ್ಟಿಗೆ ಮಾಡುವ ಪ್ರಯತ್ನ ತಂಡದಲ್ಲಿ ಮೊದಲೇ ನಡೆದಿತ್ತು. ಒಂದು ಬ್ಯಾಶ್ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್. ಅದು ವಿಳಾಸಗಳ ಪಟ್ಟಿ ಹಿಡಿದು ಒಂದೊಂದಕ್ಕೂ ಎಸ್‌ಎಸ್‌ಎಚ್ ಮಾಡಿ ಫೈಲಿನ ಕೊನೆಗೆ ಒಂದು ಸಾಲು ಸೇರಿಸುತ್ತಿತ್ತು. ನಡುವೆ ಸಿಮ್ ಕೈಕೊಟ್ಟರೆ ಮತ್ತೆ ಮೊದಲಿನಿಂದ ಓಡಿಸುತ್ತಿದ್ದರು. ಆಗ ಮುಗಿದಿದ್ದ ಸೈಟ್‌ಗಳಲ್ಲಿ ಅದೇ ಸಾಲು ಇನ್ನೊಮ್ಮೆ ಸೇರುತ್ತಿತ್ತು. ಸಿಂಧನೂರಿನ ಒಂದು ಸರ್ವರ್‌ನಲ್ಲಿ ಒಂದೇ ಸಾಲು ಮೇಲಿಂದ ಕೆಳಗೆ ಸಾಲಾಗಿ ಕೂತಿತ್ತು.

ಅನ್ಸಿಬಲ್ ಬೇರೆಯಾಗುವುದು ಇಲ್ಲೇ. ಸ್ಕ್ರಿಪ್ಟ್ “ಈ ಸಾಲು ಸೇರಿಸು” ಅನ್ನುತ್ತದೆ. ಅನ್ಸಿಬಲ್‌ಗೆ ನಾವು “ಈ ಫೈಲಿನಲ್ಲಿ ಈ ಸಾಲು ಇರಬೇಕು” ಅಂತ ಬರೆದಿಡುತ್ತೇವೆ. ಇದ್ದರೆ ಅದು ಮುಟ್ಟುವುದಿಲ್ಲ, ಇಲ್ಲದಿದ್ದರೆ ಸೇರಿಸುತ್ತದೆ. ಎಷ್ಟು ಸಲ ಓಡಿಸಿದರೂ ಕೊನೆಗೆ ಸಿಗುವ ಸ್ಥಿತಿ ಒಂದೇ. ಪದೇ ಪದೇ ಕಡಿದುಹೋಗುವ 4ಜಿ ಮೇಲೆ ಕೆಲಸ ಮಾಡುವವರಿಗೆ ಈ ಗುಣ ಬೇಕೇ ಬೇಕು. ನಡುವೆ ನಿಂತರೆ ಹೆದರಿಕೆಯಿಲ್ಲದೆ ಮತ್ತೆ ಓಡಿಸಬಹುದು.

ಅನ್ಸಿಬಲ್ ಶುರುವಾದದ್ದು 2012ರಲ್ಲಿ, ಮೈಕೆಲ್ ಡಿಹಾನ್ ಕೈಯಲ್ಲಿ. 2015ರಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು ಕೊಂಡಿತು. ಅದಕ್ಕೂ ಮೊದಲಿನ ಪಪೆಟ್, ಶೆಫ್‌ನಂಥ ಸಾಧನಗಳನ್ನು ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಪ್ರತಿ ಸರ್ವರ್ ಮೇಲೂ ಒಂದು ಏಜೆಂಟ್ ಸದಾ ಓಡುತ್ತಿರಬೇಕು. ಅನ್ಸಿಬಲ್‌ಗೆ ಆ ಕಡೆ ಎಸ್‌ಎಸ್‌ಎಚ್ ಮತ್ತು ಪೈಥಾನ್ ಇದ್ದರೆ ಸಾಕು. ನಮ್ಮ ಸೈಟ್‌ಗಳಲ್ಲಿ ಎರಡೂ ಇದ್ದವು. ಹುಡುಗರಿಗೂ ಎಸ್‌ಎಸ್‌ಎಚ್ ಕೈಗೆ ಹತ್ತಿದ ಸಾಧನ. ಹೊಸದಾಗಿ ಕಲಿಯಬೇಕಾದದ್ದು ಅನ್ಸಿಬಲ್ ಓದುವ ಯಾಮಲ್ ಅನ್ನುವ ಬಗೆಯ ಫೈಲ್ ಬರೆಯುವುದು ಮಾತ್ರ.

ಮೊದಲು ಪಟ್ಟಿ, ಆಮೇಲೆ ಕೆಲಸ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇನ್ವೆಂಟರಿ, ಅಂದರೆ ಸರ್ವರ್‌ಗಳ ಪಟ್ಟಿ. ಪೂರ್ತಿ ಪಟ್ಟಿ ಎಲ್ಲೂ ಇರಲಿಲ್ಲ. ಅರ್ಧ ಒಬ್ಬರ ಮೊಬೈಲ್‌ನಲ್ಲಿ, ಇನ್ನರ್ಧ ಒಂದು ಎಕ್ಸೆಲ್ ಹಾಳೆಯಲ್ಲಿ. ಪ್ರತಿ ಸೈಟ್‌ನ ಟನೆಲ್ ವಿಳಾಸ, ಉಬುಂಟು ಆವೃತ್ತಿ, ಕಾಟಾ ಇಂಡಿಕೇಟರ್ ಯಾವ ಬಗೆಯದು ಅಂತ ಕೂಡಿಸಿ ಬರೆದೆವು. ಊರಿನ ಪ್ರಕಾರ ಗುಂಪು ಮಾಡಿದೆವು. ಯಾರು ಯಾವಾಗ ಏನು ಬದಲಿಸಿದರು ಅನ್ನುವ ಲೆಕ್ಕ ಇಡುವ ಗಿಟ್‌ನಲ್ಲಿ ಇಟ್ಟೆವು. ಈ ಒಂದು ಫೈಲ್ ಆದ ಮೇಲೆ ತಂಡದ ಮಾತುಕತೆಯ ರೀತಿಯೇ ಬದಲಾಯಿತು ಅಂದರೆ ಹೆಚ್ಚಲ್ಲ. “ಆ ಮಿಲ್ಲಿಂದು ಯಾರಿಗೆ ಗೊತ್ತೈತಿ?” ಅನ್ನುವ ಪ್ರಶ್ನೆ ನಿಂತಿತು.

ಎರಡನೆಯ ಕೆಲಸ, ಏನನ್ನೂ ಬದಲಿಸದೆ ಸುಮ್ನೆ ನೋಡುವುದು. ಅನ್ಸಿಬಲ್‌ನ ಫೆಚ್ ಮಾಡ್ಯೂಲ್‌ನಿಂದ ಎಲ್ಲಾ ಸೈಟ್‌ಗಳ ಕ್ರೋನಿ, ವೈರ್‌ಗಾರ್ಡ್, ಡಿಎನ್‌ಎಸ್ (ಹೆಸರಿನಿಂದ ಇಂಟರ್ನೆಟ್ ವಿಳಾಸ ಹುಡುಕುವ ವ್ಯವಸ್ಥೆ), ಪ್ರಿಂಟರ್ ಸೆಟ್ಟಿಂಗ್ ಫೈಲುಗಳನ್ನು ಒಂದು ಕಡೆ ತಂದು ಹೋಲಿಸಿದೆವು. ವೈರ್‌ಗಾರ್ಡ್‌ನ ಖಾಸಗಿ ಕೀಲಿ ಮಾತ್ರ ಸೈಟ್‌ನಲ್ಲೇ ಉಳಿಯುವಂತೆ ನೋಡಿಕೊಂಡೆವು. ಅದು ಗಿಟ್‌ಗೆ ಬರಲೇಬಾರದು. ಈ ಹೋಲಿಕೆಯಲ್ಲಿ ಇನ್ನೊಂದು ಗಂಟು ಕಂಡಿತು. ಕೆಲವು ಕಡೆ ಡಿಎನ್‌ಎಸ್ ಕೂಡ ಟನೆಲ್ ಒಳಗಿನ ವಿಳಾಸಕ್ಕೆ ತೋರಿಸುತ್ತಿತ್ತು. ಅಲ್ಲಿ ಬರೀ ಕ್ರೋನಿ ಫೈಲ್ ತಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಟನೆಲ್ ಬೀಳುತ್ತಿದ್ದಂತೆ ಪೂಲ್‌ನ ಹೆಸರು ಯಾವ ವಿಳಾಸ ಅಂತ ತಿಳಿಯಲು ದಾರಿಯೇ ಇರುತ್ತಿರಲಿಲ್ಲ. ಮೊದಲು ನೋಡಿ, ಆಮೇಲೆ ಬರೆಯಿರಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಪೈಥಾನ್ ವಿಷಯ ಚಿಕ್ಕದು, ಆದರೆ ಗೊತ್ತಿಲ್ಲದಿದ್ದರೆ ದಿನ ತಿನ್ನುತ್ತದೆ. ಹಳೆಯ ಸೈಟ್‌ಗಳಲ್ಲಿ ಉಬುಂಟು 18.04 ಇತ್ತು. ಅದರ ಪೈಥಾನ್ 3.6. ಅನ್ಸಿಬಲ್-ಕೋರ್ 2.17 ಬಂದಾಗ, 2024ರಲ್ಲಿ, ಆ ಕಡೆಯ ಸರ್ವರ್‌ನಲ್ಲಿ 3.6 ಇದ್ದರೆ ನಡೆಯುವುದನ್ನು ಕೈಬಿಟ್ಟಿತು. ಅದಕ್ಕೆ ಆಫೀಸಿನಲ್ಲಿ 2.16ನ್ನೇ ಇಟ್ಟುಕೊಂಡೆವು.

ಪ್ಲೇಬುಕ್‌ನಲ್ಲಿ ಏನಿತ್ತು

ಪ್ಲೇಬುಕ್ ಅಂದರೆ ಅನ್ಸಿಬಲ್‌ಗೆ ಹಂತ ಹಂತವಾಗಿ ಬರೆದುಕೊಟ್ಟ ಕೆಲಸದ ಪಟ್ಟಿ. ಮೊದಲ ಪ್ಲೇಬುಕ್ ಗಡಿಯಾರದ್ದು ಮಾತ್ರ. ಕ್ರೋನಿಯ ಫೈಲಿಗೆ ಒಂದು ಟೆಂಪ್ಲೇಟ್. ಅದರಲ್ಲಿ ಮೊದಲಿಗೆ ಸಾರ್ವಜನಿಕ ಎನ್‌ಟಿಪಿ ಪೂಲ್, ಅದರ ಜೊತೆ ಎರಡನೆಯದಾಗಿ ಟನೆಲ್ ಒಳಗಿನ ವಿಳಾಸ. ಡಿಎನ್‌ಎಸ್ ಟನೆಲ್‌ನಿಂದ ಹೊರಗೆ. ಮೇಕ್‌ಸ್ಟೆಪ್ ಸಾಲು ಕಡ್ಡಾಯ. ಕ್ರೋನಿ ಸಾಮಾನ್ಯವಾಗಿ ಗಡಿಯಾರವನ್ನು ನಿಧಾನವಾಗಿ ಜರುಗಿಸುತ್ತದೆ. ಶುರುವಿನಲ್ಲಿ ವ್ಯತ್ಯಾಸ ದೊಡ್ಡದಿದ್ದರೆ ಒಂದೇ ಸಲಕ್ಕೆ ಹಾರಿಸಲು ಅನುಮತಿ ಕೊಡುವುದು ಆ ಸಾಲು. ಅದಿಲ್ಲದಿದ್ದರೆ ವರ್ಷಗಳ ವ್ಯತ್ಯಾಸವನ್ನು ತೆವಳಿಕೊಂಡು ಮುಗಿಸಲು ನೋಡುತ್ತದೆ.

ಜೊತೆಗೆ ಕ್ರೋನಿಗೆ ಎಸ್ ಅನ್ನುವ ಆಯ್ಕೆ ಕೊಟ್ಟೆವು. ಸೆಲ್ ಸತ್ತ ಪಿಸಿ ಏಳುವಾಗ, ಕ್ರೋನಿ ತನ್ನ ಡ್ರಿಫ್ಟ್ ಫೈಲನ್ನು (ಪಿಸಿಯ ಗಡಿಯಾರ ಎಷ್ಟು ತಪ್ಪಿ ಓಡುತ್ತದೆ ಅಂತ ಬರೆದಿಡುವ ಫೈಲ್) ಕೊನೆಗೆ ಬರೆದ ಹೊತ್ತು ನೋಡಿ ಗಡಿಯಾರವನ್ನು ಅಲ್ಲಿಗೆ ತರುತ್ತದೆ. ಇಂಟರ್ನೆಟ್ ಬರುವುದು ತಡವಾದರೂ ಚೀಟಿಯಲ್ಲಿ ಹಳೆಯ ವರ್ಷ ಬರುವುದು ತಪ್ಪುತ್ತದೆ. ಟನೆಲ್‌ಗೆ ಮಾತ್ರ ಇದು ಸಾಲದು. ಟನೆಲ್‌ನಲ್ಲಿ ಡೇಟಾ ಹರಿದಾಡುತ್ತಿರುವಾಗ ವೈರ್‌ಗಾರ್ಡ್ ಎರಡು ನಿಮಿಷಕ್ಕೊಮ್ಮೆ ಹೊಸದಾಗಿ ಕೈಕುಲುಕುತ್ತದೆ, ಅಂದರೆ ಸಮಯ ಹೊತ್ತ ಆ ಮೊದಲ ಸಂದೇಶವನ್ನು ಮತ್ತೆ ಕಳಿಸುತ್ತದೆ; ಡ್ರಿಫ್ಟ್ ಫೈಲ್ ಅದಕ್ಕಿಂತ ಹಳೆಯದೇ ಆಗಿರುತ್ತದೆ. ಆದ್ದರಿಂದ ಟನೆಲ್‌ನ ಹೊರಗಿನ ಎನ್‌ಟಿಪಿಯನ್ನು ಬಿಡುವಂತಿಲ್ಲ.

ಪ್ಲೇಬುಕ್‌ನ ಪ್ರತಿ ಹಂತಕ್ಕೂ ಕನ್ನಡದಲ್ಲೇ ಹೆಸರು ಕೊಟ್ಟೆವು. “ಕ್ರೋನಿ ಫೈಲ್ ಸರಿ ಮಾಡು”, “ಸಮಯ ಹೊಂದಿದೆಯಾ ನೋಡು”. ಅನ್ಸಿಬಲ್‌ಗೆ ಯೂನಿಕೋಡ್ ತೊಂದರೆಯಿಲ್ಲ. ಟರ್ಮಿನಲ್‌ನಲ್ಲಿ ಒಂದೊಂದು ಸಾಲೂ ಕನ್ನಡದಲ್ಲಿ ಓಡುವಾಗ ತಂಡದ ಅತಿ ಹೊಸ ಹುಡುಗಿಗೂ ಎಲ್ಲಿ ನಿಂತಿತು ಅಂತ ತಿಳಿಯುತ್ತಿತ್ತು. ಬೇರೆ ತಂಡಗಳೂ ಇದನ್ನು ಮಾಡಿ ನೋಡಬೇಕು ಅಂತ ನನ್ನ ಆಸೆ.

ಟೆಸ್ಟ್ ಪಿಸಿಯಲ್ಲಿ ಒಂದು ವಿಚಿತ್ರ ಕಂಡಿತು. “ಸಮಯ ಹೊಂದಿದೆಯಾ ನೋಡು” ಹಂತ ಪಾಸ್ ಆಗುತ್ತಿತ್ತು, ಆದರೆ ಪರೀಕ್ಷೆ ಆಗುತ್ತಿದ್ದುದು ಹಳೆಯ ಸೆಟ್ಟಿಂಗ್‌ನ ಮೇಲೆ. ಕಾರಣ, ಅನ್ಸಿಬಲ್‌ನಲ್ಲಿ ಹ್ಯಾಂಡ್ಲರ್‌ಗಳು, ಅಂದರೆ ಏನಾದರೂ ಬದಲಾದಾಗ ಮಾತ್ರ ಓಡುವ ಹಂತಗಳು, ಉಳಿದ ಹಂತಗಳೆಲ್ಲ ಮುಗಿದ ಮೇಲೆ ಓಡುತ್ತವೆ. ಕ್ರೋನಿಯನ್ನು ರೀಸ್ಟಾರ್ಟ್ ಮಾಡುವುದು ಹ್ಯಾಂಡ್ಲರ್ ಕೆಲಸ. ಹಾಗಾಗಿ ಪರೀಕ್ಷೆ ಮೊದಲು, ರೀಸ್ಟಾರ್ಟ್ ಆಮೇಲೆ. ನಡುವೆ ಫ್ಲಶ್ ಹ್ಯಾಂಡ್ಲರ್ಸ್ ಅನ್ನುವ ಹಂತ ಹಾಕಿದ ಮೇಲೆ ಕ್ರಮ ಸರಿಯಾಯಿತು.

“ಎಲ್ಲಾ ಕಡೆ ಒಮ್ಮೆಗೇ ಹೋಗ್ತೈತಲ್ಲ?”

ತಂಡದಲ್ಲಿ ತುಂಬಾ ದಿನದಿಂದ ಸೈಟ್ ಕೆಲಸ ಮಾಡುತ್ತಿದ್ದ ಹುಡುಗ ಒಂದು ಮಾತು ಕೇಳಿದ. “ಅಣ್ಣ, ಕೈಲೇ ಮಾಡಿದ್ರ ತಪ್ಪಾದ್ರೂ ಒಂದ್ ಕಡೆ. ಇದ್ರಾಗ ತಪ್ಪಿದ್ರ ಎಲ್ಲಾ ಕಡೆ ಒಮ್ಮೆಗೇ ಹೋಗ್ತೈತಲ್ಲ?” ಅವನ ಭಯ ಸರಿ. ಇಂಥ ಸಾಧನಗಳ ಬಗ್ಗೆ ಮಾತಾಡುವಾಗ ಈ ಅಪಾಯವನ್ನೇ ಮೊದಲು ಹೇಳಬೇಕು. ಅವನ ಪ್ರಶ್ನೆ ಹಿಡಿದೇ ನಾವು ನಿಯಮಗಳನ್ನು ಕಟ್ಟಿದೆವು.

ಯಾವ ಬದಲಾವಣೆಯೂ ಮೊದಲು ಚೆಕ್ ಮತ್ತು ಡಿಫ್ ಆಯ್ಕೆಗಳ ಜೊತೆ ಓಡಬೇಕು. ಆಗ ಏನೂ ಬದಲಾಗುವುದಿಲ್ಲ, ಏನು ಬದಲಾಗುತ್ತಿತ್ತು ಅನ್ನುವುದು ಸಾಲು ಸಾಲಾಗಿ ಕಾಣುತ್ತದೆ. ಆಮೇಲೆ ಆಫೀಸಿನ ಟೆಸ್ಟ್ ಪಿಸಿ. ಅದಾದ ಮೇಲೆ ಗಂಗಾವತಿ ಊರೊಳಗಿನ ಒಂದು ಮಿಲ್ಲು. ಕೆಟ್ಟರೂ ನಡೆದು ಹೋಗಿ ಸರಿಮಾಡುವಷ್ಟು ಹತ್ತಿರದ್ದೇ ಆಗಬೇಕು. ದೂರದ ಮಾನ್ವಿ, ಸಿರುಗುಪ್ಪ ಕೊನೆಗೆ. ಅನ್ಸಿಬಲ್‌ನ ಸೀರಿಯಲ್ ಆಯ್ಕೆಯಲ್ಲಿ ಮೊದಲು ಒಂದು, ಆಮೇಲೆ ಐದು, ಆಮೇಲೆ ಉಳಿದವು ಅಂತ ಬರೆಯಬಹುದು. ಒಂದು ಸೈಟ್ ಫೇಲಾದರೂ ಮುಂದೆ ಹೋಗಬಾರದು ಅಂತಲೂ ಬರೆದೆವು.

ಆದರೆ ಮಿಲ್ಲುಗಳಲ್ಲಿ ಕೆಲಸ ಮುಗಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಮನೆಗೆ ಹೋಗುವ ರೂಢಿಯಿದೆ. ಹಾಗೆ ಆಫ್ ಆದ ಸರ್ವರ್ ಕೂಡ ಫೇಲಾದದ್ದರ ಲೆಕ್ಕಕ್ಕೇ ಬರುತ್ತದೆ. ಅದಕ್ಕೆ ಮೊದಲು ಅನ್ಸಿಬಲ್‌ನ ಪಿಂಗ್ ಓಡಿಸಿ, ಎದ್ದಿರುವವರಿಗೆ ಮಾತ್ರ ಪ್ಲೇಬುಕ್ ಕಳಿಸುತ್ತೇವೆ. ಈ ಪಿಂಗ್ ಸಾಮಾನ್ಯ ನೆಟ್‌ವರ್ಕ್ ಪಿಂಗ್ ಥರ ಅಲ್ಲ. ಲಾಗಿನ್ ಆಗುತ್ತದಾ, ಪೈಥಾನ್ ಓಡುತ್ತದಾ ಅಂತಲೂ ನೋಡಿ ಹೇಳುತ್ತದೆ. ಪ್ರತಿ ಸೈಟ್ ಸರ್ವರ್ ತಾನೇ ಗಿಟ್‌ನಿಂದ ಎಳೆದುಕೊಳ್ಳುವ ಅನ್ಸಿಬಲ್-ಪುಲ್ ದಾರಿಯೂ ಇದೆ. ಆಫ್ ಮಾಡಿಡುವ ಸರ್ವರ್‌ಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೂ ಬೇಡ ಅಂದೆ. ಈ ತಂಡಕ್ಕೆ ಇದು ಹೊಸದು. ಬದಲಾವಣೆ ಹೋಗುವಾಗ ಒಬ್ಬರು ಪರದೆ ಮುಂದೆ ಕೂತು ನೋಡುತ್ತಿರುವುದೇ ಸದ್ಯಕ್ಕೆ ಒಳ್ಳೆಯದು.

ವೈರ್‌ಗಾರ್ಡ್ ಮತ್ತು ಎಸ್‌ಎಸ್‌ಎಚ್ ಸೆಟ್ಟಿಂಗ್‌ಗೆ ಬೇರೆಯೇ ಎಚ್ಚರಿಕೆ ಬೇಕಿತ್ತು. ಟನೆಲ್‌ನಿಂದಲೇ ಒಳಗೆ ಹೋಗಿ ಟನೆಲ್ ಬದಲಿಸುವುದು ಕೂತ ಕೊಂಬೆಯನ್ನು ಕಡಿಯುವ ಕೆಲಸ. ಎಸ್‌ಎಸ್‌ಎಚ್ ಫೈಲ್ ಹಾಕುವ ಮೊದಲು ಅದರ ವ್ಯಾಕರಣ ಸರಿಯಿದೆಯಾ ಅಂತ ಆ ಫೈಲ್ ಓದುವ ಎಸ್‌ಎಸ್‌ಎಚ್‌ಡಿ ಪ್ರೋಗ್ರಾಂನಿಂದಲೇ ಪರೀಕ್ಷೆ ಮಾಡಿಸುತ್ತೇವೆ. ಟೆಂಪ್ಲೇಟ್ ಮಾಡ್ಯೂಲ್‌ನ ವ್ಯಾಲಿಡೇಟ್ ಅದಕ್ಕೇ ಇದೆ. ತಪ್ಪಿದ್ದರೆ ಹಳೆಯ ಫೈಲೇ ಉಳಿಯುತ್ತದೆ. ವೈರ್‌ಗಾರ್ಡ್‌ಗೆ ಅಷ್ಟು ಸಾಲದು, ಬರೆದದ್ದು ಸರಿಯಿದ್ದೂ ವಿಳಾಸ ತಪ್ಪಿರಬಹುದು. ಅದಕ್ಕೆ ಬದಲಾವಣೆಗೆ ಮೊದಲು ಸಿಸ್ಟಮ್‌ಡಿ-ರನ್‌ನಿಂದ ಒಂದು ಟೈಮರ್ ಇಡುತ್ತೇವೆ. ಹತ್ತು ನಿಮಿಷ ಬಿಟ್ಟು ಹಳೆಯ ಫೈಲನ್ನು ವಾಪಸ್ ಹಾಕಿ ಟನೆಲ್ ರೀಸ್ಟಾರ್ಟ್ ಮಾಡುವ ಟೈಮರ್. ಹೊಸ ಸೆಟ್ಟಿಂಗ್‌ನಲ್ಲಿ ಮತ್ತೆ ಲಾಗಿನ್ ಆಗಲು ಸಾಧ್ಯವಾದರೆ ಆ ಟೈಮರ್ ರದ್ದು. ಸಾಧ್ಯವಾಗದಿದ್ದರೆ ಸರ್ವರ್ ತಾನೇ ಹಿಂದಿನ ಸ್ಥಿತಿಗೆ ಬರುತ್ತದೆ, ಯಾರೂ ಬಸ್ ಹತ್ತಬೇಕಿಲ್ಲ. ಇದನ್ನು ಟೆಸ್ಟ್ ಪಿಸಿಯಲ್ಲಿ ಬೇಕೆಂದೇ ಕೆಡಿಸಿ ತೋರಿಸಿದ ಮೇಲೆ ಆ ಹುಡುಗನ ಭಯ ಇಳಿಯಿತು.

ಕೈಯಿಂದ ತಿದ್ದುವವರು

ಗಡಿಯಾರದ ಮುಂದೆ ಪ್ರಿಂಟರ್, ಕಾಟಾ ಕೇಬಲ್ ಎಲ್ಲಾ ಪ್ಲೇಬುಕ್‌ಗೆ ಬಂದವು. ಕೇಬಲ್‌ದು ಸುಲಭದ್ದೇ. ಯುಎಸ್‌ಬಿ ಕನ್ವರ್ಟರ್ ಕಿತ್ತು ಹಾಕಿದಾಗ ಪೋರ್ಟ್‌ನ ಸಂಖ್ಯೆ ಬದಲಾಗುತ್ತಿತ್ತು. ಲಿನಕ್ಸ್‌ನಲ್ಲಿ ಸಾಧನಗಳಿಗೆ ಹೆಸರು ಕೊಡುವ ಯುಡೆವ್‌ಗೆ ನಿಯಮ ಹಾಕಿ ಎಲ್ಲಾ ಕಡೆ ಒಂದೇ ಹೆಸರು ಕೊಟ್ಟೆವು.

ಪ್ರಿಂಟರ್‌ನಲ್ಲಿ ಜಗಳವೇ ಆಯಿತು. ಒಂದು ಮಿಲ್ಲಿನಲ್ಲಿ ಚೀಟಿಯ ಅಂಚು ಕತ್ತರಿಸಿ ಬರುತ್ತಿತ್ತು. ಬೆಳ್ಳಂಬೆಳಿಗ್ಗೆ ಫೋನ್ ಬಂದಾಗ ತಂಡದ ಒಬ್ಬರು ಲಾಗಿನ್ ಆಗಿ ಕೈಯಿಂದ ಸರಿಮಾಡಿದ್ದರು. ಲಾರಿ ನಿಂತಿರುವಾಗ ಯಾರಾದರೂ ಹಾಗೇ ಮಾಡುತ್ತಾರೆ. ಮುಂದಿನ ಸಲ ಪ್ಲೇಬುಕ್ ಓಡಿದಾಗ ಅದು ತನ್ನಲ್ಲಿ ಬರೆದಿದ್ದನ್ನೇ ವಾಪಸ್ ಹಾಕಿತು. ಚೀಟಿ ಮತ್ತೆ ಕತ್ತರಿಸಿತು, ಸಾವ್ಕಾರರು ಸಿಟ್ಟಾದರು. “ಇನ್ನು ಮೇಲೆ ಯಾರೂ ಕೈಯಿಂದ ಮುಟ್ಟಬಾರದು” ಅಂತ ಆಫೀಸಿನಲ್ಲಿ ಆದೇಶ ಹೊರಟಿತು.

ಅಂಥ ಆದೇಶ ಸುಗ್ಗಿಯಲ್ಲಿ ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ಮಿಲ್ಲಿನ ಕೆಲಸ ಮೊದಲು. ನಾವು ಬೇರೆ ದಾರಿ ಹಿಡಿದೆವು. ಪ್ಲೇಬುಕ್ ಹಾಕುವ ಪ್ರತಿ ಫೈಲಿನ ತಲೆಯಲ್ಲಿ ಕನ್ನಡದಲ್ಲಿ ಒಂದು ಸಾಲು: ಈ ಫೈಲ್ ಆಫೀಸಿನಿಂದ ಬರುತ್ತದೆ, ಇಲ್ಲಿ ತಿದ್ದಿದರೆ ಗುಂಪಿಗೆ ತಿಳಿಸಿ. ಜೊತೆಗೆ ವಾರಕ್ಕೊಮ್ಮೆ ಎಲ್ಲಾ ಸೈಟ್‌ಗಳ ಮೇಲೆ ಬರೀ ಚೆಕ್ ಮತ್ತು ಡಿಫ್. ಎಲ್ಲಿ ವ್ಯತ್ಯಾಸ ಕಂಡರೂ ಅಳಿಸುವ ಮೊದಲು, ಇದನ್ನು ಯಾರು ಯಾಕೆ ಮಾಡಿದರು ಅಂತ ಕೇಳಬೇಕು. ತಿದ್ದಿದ್ದು ಸರಿಯಿದ್ದರೆ ಅದು ಇನ್ವೆಂಟರಿಗೆ ಆ ಸೈಟ್‌ನ ವಿಶೇಷವಾಗಿ ಸೇರುತ್ತದೆ. ಆ ಮಿಲ್ಲಿನ ಚೀಟಿಯ ಅಗಲ ಈಗ ಹಾಗೇ ದಾಖಲಾಗಿದೆ. ಅಲ್ಲಿನ ಕಾಗದ ಬೇರೆ ಅಳತೆಯದು ಅನ್ನುವುದು ತಂಡಕ್ಕೆಲ್ಲ ಗೊತ್ತಾದದ್ದೂ ಆಗಲೇ. ಸರ್ವರ್‌ಗಳನ್ನೆಲ್ಲ ಒಂದೇ ಅಚ್ಚಿಗೆ ತರುವುದಕ್ಕಿಂತ, ಇರುವ ವ್ಯತ್ಯಾಸ ಬರವಣಿಗೆಯಲ್ಲಿ ಇರುವುದು ಮುಖ್ಯ ಅನ್ನುವುದನ್ನು ನಾನು ಬಲವಾಗಿ ನಂಬುತ್ತೇನೆ.

ಈಗ ಎಲ್ಲಿದೆ

ಅದಾದ ಮೇಲೂ ರಾತ್ರಿ ಕರೆಂಟು ಹೋಗಿದೆ. ಸೆಲ್ ಸತ್ತ ಸರ್ವರ್‌ಗಳು ಎದ್ದು, ಇಂಟರ್ನೆಟ್ ಸಿಕ್ಕೊಡನೆ ಸಮಯ ಹೊಂದಿಸಿಕೊಂಡು, ಟನೆಲ್‌ಗೆ ತಾವೇ ಬಂದಿವೆ.

ಸೆಲ್ ಮಾತ್ರ ಕಮಾಂಡ್‌ನಿಂದ ಬದಲಾಗುವುದಿಲ್ಲ. ಅದಕ್ಕೆ ಪ್ಲೇಬುಕ್‌ನಲ್ಲಿ ಇನ್ನೊಂದು ಹಂತ ಸೇರಿತು. ಪಿಸಿ ಈ ಸಲ ಏಳುವಾಗ ಹಾರ್ಡ್‌ವೇರ್ ಗಡಿಯಾರ ಯಾವ ತಾರೀಖು ಕೊಟ್ಟಿತ್ತು ಅಂತ ಕರ್ನಲ್ ಲಾಗ್‌ನಿಂದ ಓದಿ, ಹಳೆಯ ವರ್ಷ ಇದ್ದರೆ ಆ ಸೈಟ್‌ನ ಹೆಸರು ಬರೆದಿಡುತ್ತದೆ. ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗುವವರು ಪಟ್ಟಿ ನೋಡಿ ಸೆಲ್ ಒಯ್ಯುತ್ತಾರೆ. ಕಾರಟಗಿ, ಸಿಂಧನೂರು ಸಾಲಿನವು ಮುಗಿದಿವೆ. ಸಿರುಗುಪ್ಪದವು ಬಾಕಿ ಇವೆ. ಉಬುಂಟು 18.04ಕ್ಕೆ ಮಾಮೂಲಿ ಭದ್ರತಾ ತಿದ್ದುಪಡಿ ಬರುವುದು 2023ರ ಮೇ ತಿಂಗಳಿಗೇ ಮುಗಿದಿರುವುದರಿಂದ, ಆ ಪಿಸಿಗಳಿಗೆ ಸೆಲ್ ಹಾಕಲು ಹೋದಾಗಲೇ ಡಿಸ್ಕನ್ನೂ ಬದಲಿಸಿ ಹೊಸ ಉಬುಂಟು ಹಾಕಬೇಕು ಅಂತ ತೀರ್ಮಾನವಾಗಿದೆ. ಅದಕ್ಕೆ ಬೇಕಾದ ಪ್ಲೇಬುಕ್ ಟೆಸ್ಟ್ ಪಿಸಿಯ ಮೇಲೆ ಓಡುತ್ತಿದೆ. ಖಾಲಿ ಡಿಸ್ಕ್‌ನಿಂದ ಶುರುವಾಗಿ ಚೀಟಿ ಪ್ರಿಂಟ್ ಆಗುವವರೆಗೆ ಕೈ ಹಾಕದೆ ಮುಗಿದರೆ ಅದನ್ನು ಸಿರುಗುಪ್ಪಕ್ಕೆ ಒಯ್ಯುತ್ತಾರೆ.